ಚಹಾದ ಮೇಲೆ ಭಾವನವರ ಕಣ್ಣು

ಚಹಾ ಕುಡಿಯುವವರನ್ನು ದೇವರು ಕ್ಷಮಿಸಿದರೂ ಚಹಾ ಬಿಟ್ಟವರು ಕ್ಷಮಿಸುವುದಿಲ್ಲ. ಕುಡಿಯುವವನು ಯಾರಿಗೂ ಉಪದೇಶ ಮಾಡುವುದಿಲ್ಲ, ಅವನ ಬಾಯಿ ಕೆಲಸದಲ್ಲಿರುತ್ತದೆ. ಬಿಟ್ಟವನ ಬಾಯಿ ಸದಾ ಖಾಲಿ. ನನ್ನ ಹೆಂಡತಿ ಗಿರಿಜೆಯ ಅಣ್ಣ, ನಲ್ಲೂರಿನ ಶಿವಲಿಂಗಪ್ಪನವರು, ಇಂಥ ಖಾಲಿ ಬಾಯಿಯವರು. ಅಡಿಕೆ ವ್ಯಾಪಾರಕ್ಕೆಂದು ಹೊನ್ನಾಳಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬಂದು, ನನ್ನೆದುರು ಕುರ್ಚಿ ಎಳೆದುಕೊಂಡು ಕೂತು, ನನ್ನ ಲೋಟದೊಳಗೆ ಇಣುಕುತ್ತಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವ ಮೇಷ್ಟ್ರು. ಇಡೀ ತರಗತಿಯನ್ನು ಕಣ್ಸನ್ನೆಯಲ್ಲೇ ಕೂರಿಸುವ ನಾನು ಈ ಭಾವನವರ ಮುಂದೆ ಮಾತ್ರ ಲೋಟವನ್ನು ಪೇಪರಿನ ಹಿಂದೆ ಬಚ್ಚಿಡುತ್ತೇನೆ.

“ಮೇಷ್ಟ್ರೇ, ಅದು ಎಷ್ಟನೇದು?”

“ಮೊದಲನೇದು ಭಾವ.”

“ಸ್ನಾನ ಆದ್ಮೇಲೆ ಮೊದಲನೇದು ಅಣ್ಣ,” ಎಂದು ಗಿರಿಜೆ ಅಡುಗೆಮನೆಯಿಂದಲೇ ತಿದ್ದುತ್ತಾಳೆ.

“ನೋಡ್ರಿ, ಚಾ ಕುಡಿಯಾದು ಅಂದ್ರೆ ರಕ್ತಾನ ಕುದಿಯಾಕೆ ಇಟ್ಟಂಗೆ. ಒಂದಿನ ಲಕ್ವ ಹೊಡದು ಬಾಯಿ ಸೊಟ್ಟಾಗತೈತೆ. ಆಮೇಲೆ ಮಕ್ಳಿಗೆ ಲೆಕ್ಕ ಹೆಂಗೆ ಹೇಳ್ತೀರಿ?”

ಈ ಮಾತಿಗೆ ಉತ್ತರ ಹುಡುಕುತ್ತಿದ್ದವನಿಗೆ ಕಳೆದ ಚಳಿಗಾಲದಲ್ಲಿ ಮೊಬೈಲಿನಲ್ಲಿ ಒಂದು ಬರಹ ಸಿಕ್ಕಿತು. ಚಹಾ ಕುಡಿಯುವವರಿಗೆ ಲಕ್ವ ಹೊಡೆಯುವುದು ಕಡಿಮೆ ಎಂದು ಅದರಲ್ಲಿತ್ತು. ಮುಂದಿನ ಸಾಲು ‘ಆದರೆ’ ಎಂದು ಶುರುವಾಗಿದ್ದರಿಂದ ಅಲ್ಲಿಗೇ ಓದು ನಿಲ್ಲಿಸಿದೆ. ಭಾನುವಾರ ಬೆಳಿಗ್ಗೆ ಭಾವನವರು ಬಂದು ಕೂತದ್ದೇ ತಡ, ಅದನ್ನು ಗಟ್ಟಿಯಾಗಿ ಓದಿದೆ. ‘ಚಾಪುಡಿ ಮಾರೋನೇ ಬರ್ದಿರ್ತಾನೆ ಬಿಡ್ರಿ’ ಎಂಬಂಥದ್ದೇನಾದರೂ ಬರುತ್ತದೆಂದು ಕಾದೆ. ಬರಲಿಲ್ಲ. ನನ್ನ ವಾದಕ್ಕೆ ಕೊನೆಗೂ ಇವರ ಬಾಯಿ ಕಟ್ಟಿತಲ್ಲ ಎಂದು ಹಿಗ್ಗಿ ತಲೆ ಎತ್ತಿದೆ. ಅವರ ಕೈಯಲ್ಲಿದ್ದ ನೀರಿನ ಲೋಟ ಜಾರಿ ನೆಲಕ್ಕೆ ಬಿತ್ತು. ತುಟಿಯ ಒಂದು ತುದಿ ಕೆಳಗೆ ಇಳಿದಿತ್ತು. “ಮೇ... ಮೇಟ್...” ಎಂದರು. ನಾಲಗೆ ಹೊರಳಲಿಲ್ಲ.

ನಮ್ಮ ಶಾಲೆಯಲ್ಲಿ ಒಮ್ಮೆ ಆರೋಗ್ಯದ ಬಗ್ಗೆ ತರಬೇತಿ ನಡೆದಿತ್ತು. ಕೊನೆಯಲ್ಲಿ ಚಹಾ, ವಡೆ ಇದೆ ಎಂದು ಗೊತ್ತಾಗಿ ನಾನು ಪೂರ್ತಿ ಕೂತಿದ್ದೆ. ಅಲ್ಲಿ ಲಕ್ವದ ಬಗ್ಗೆ ಹೇಳಿದ್ದೆಲ್ಲ ಈಗ ತಲೆಗೆ ಬಂತು. “ಭಾವ, ಎರಡೂ ಕೈ ಎತ್ರಿ,” ಎಂದೆ. ಎಡಗೈ ಎದ್ದಿತು, ಬಲಗೈ ತೊಡೆಯ ಮೇಲೆಯೇ ಉಳಿಯಿತು. ಗಿರಿಜೆ ಅಳುತ್ತಾ, “ಸ್ವಲ್ಪ ಸಕ್ಕರೆ ನೀರು ಕುಡಿಸಾಣ ರೀ,” ಎಂದು ಓಡಿಬಂದಳು.

“ಏನೂ ಕುಡಿಸಬ್ಯಾಡ!” ಎಂದು ಕೂಗಿದೆ. ನಮ್ಮ ಮನೆಯಲ್ಲಿ ನನ್ನ ಬಾಯಿಂದ ಇಂಥ ಮಾತು ಬಂದದ್ದು ಅದೇ ಮೊದಲು.

ಪಕ್ಕದ ಮನೆಯವರ ಕಾರಿನಲ್ಲಿ ದಾವಣಗೆರೆಗೆ ಹೊರಟೆವು. ದಾರಿಯುದ್ದಕ್ಕೂ ಭಾವನವರು ಎಡಗೈಯಿಂದ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದರು. ಈ ಮನುಷ್ಯ ಮತ್ತೆ ನನ್ನನ್ನು ಬೈಯದೇ ಹೋದರೆ ಏನು ಗತಿ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಹೊತ್ತಿಗೆ ಸರಿಯಾಗಿ ಕರೆತಂದಿದ್ದೀರಿ ಎಂದು ಆಸ್ಪತ್ರೆಯವರು ಇಂಜೆಕ್ಷನ್ ಕೊಟ್ಟರು. ಸಂಜೆ ಹೊತ್ತಿಗೆ ನಾಲಗೆ ಸ್ವಲ್ಪ ತಿರುಗಿತು. ಬಿ.ಪಿ. ಗುಳಿಗೆ ತಗೋತಿದ್ರಾ ಎಂದು ಡಾಕ್ಟರಮ್ಮ ಕೇಳಿದಾಗ ಭಾವನವರು ಫ್ಯಾನು ನೋಡತೊಡಗಿದರು. ಗಿರಿಜೆ ಬಿಡಲಿಲ್ಲ. ಕೊನೆಗೆ, “ಚಾ ಕುಡಿಯಾದಿಲ್ಲ, ಗುಳಿಗೆ ಯಾಕೆ ಅಂತ ಬಿಟ್ಟೆ,” ಎಂದು ತೊದಲಿದರು.

ಅಪಾಯ ಕಳೆದಿತ್ತಲ್ಲ, ನನ್ನ ನಾಲಗೆ ಸುಮ್ಮನಿರಲಿಲ್ಲ. “ಡಾಕ್ಟ್ರೇ, ಇವ್ರು ಚಹಾ ಕುಡೀತಿದ್ದಿದ್ರೆ ಇದು ಬರ್ತಿರ್ಲಿಲ್ಲ, ಅಲ್ವಾ?”

ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನಾನು ನೋಡುವ ಹಾಗೆ ಆಕೆ ನನ್ನನ್ನು ನೋಡಿದರು. “ಚಹಾ ಹಂಗಿರ್ಲಿ. ನಿಮ್ಮ ಬಿ.ಪಿ. ಯಾವಾಗ ತೋರಿಸಿದ್ರಿ?”

ಈಗ ಫ್ಯಾನು ನೋಡುವ ಸರದಿ ನನ್ನದಾಯಿತು. ಆಕೆ ನನ್ನ ತೋಳಿಗೆ ಪಟ್ಟಿ ಸುತ್ತಿ ನೋಡಿದರು, ನಂಬಿಕೆಯಾಗದೆ ಇನ್ನೊಂದು ತೋಳಿಗೂ ಸುತ್ತಿದರು. “ರೋಗಿಗಿಂತ ನಿಮ್ಮದೇ ಜಾಸ್ತಿ ಇದೆಯಲ್ರೀ,” ಎಂದರು. ಹಾಸಿಗೆಯಲ್ಲಿದ್ದ ಭಾವನವರ ಮುಖ ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ. ನೆಟ್ಟಗಿದ್ದ ಅರ್ಧದಲ್ಲೇ ಅವರು ತೃಪ್ತಿಯಾಗುವಷ್ಟು ನಕ್ಕರು.

ಈಗ ಅವರು ಬಲಗಾಲನ್ನು ತುಸು ಎಳೆಯುತ್ತಾ ಓಡಾಡಿಕೊಂಡಿದ್ದಾರೆ. ನಮ್ಮಿಬ್ಬರಿಗೂ ದಿನಾ ಗುಳಿಗೆ ಇದೆ. ಬೆಳಿಗ್ಗೆ ತಪ್ಪದೆ ನಲ್ಲೂರಿನಿಂದ ಫೋನು ಬರುತ್ತದೆ: “ಮೇಷ್ಟ್ರೇ, ಗುಳಿಗೆ ನುಂಗಿದ್ರಾ?”

“ಓ, ಆಗ್ಲೇ ಆಯ್ತು ಭಾವ!” ಎಂದು ಗತ್ತಿನಿಂದ ಹೇಳಿ, ಫೋನಿಟ್ಟು, ಗುಳಿಗೆ ಎಲ್ಲಿದೆ ಎಂದು ಹುಡುಕಲು ಏಳುತ್ತೇನೆ.