ಹದಿಮೂರನೆಯ ಅಂಗಿಯ ನಲವತ್ತೇಳು ಅಂಕಗಳು

ನಮ್ಮ ಬ್ಯಾಸ್ಕೆಟ್‌ಬಾಲ್ ಸಂಘದಲ್ಲಿ ಪಂದ್ಯದ ವರದಿಯನ್ನು ಪಂದ್ಯದ ಹಿಂದಿನ ದಿನವೇ ಬರೆಯಲಾಗುತ್ತದೆ. ವರದಿಗೆ ಕಾರ್ಯದರ್ಶಿ, ತರಬೇತುದಾರ, ವೈದ್ಯ ಈ ಮೂವರ ಸಹಿ ಬೇಕು. ಪಂದ್ಯದ ದಿನ ಮೂವರೂ ಪಂದ್ಯ ನೋಡಲು ಹೋಗಿಬಿಡುವುದರಿಂದ ಕಚೇರಿಯಲ್ಲಿ ಸಿಗುವುದಿಲ್ಲ. ವರದಿ ವಿಭಾಗದ ಗುಮಾಸ್ತನಾಗಿ ಹನ್ನೊಂದು ವರ್ಷಗಳಿಂದ ಈ ಕೆಲಸ ನನ್ನದು. ಪಂದ್ಯಗಳು ಒಮ್ಮೊಮ್ಮೆ ವರದಿ ಬಿಟ್ಟು ಅಡ್ಡದಾರಿ ಹಿಡಿದಿವೆಯೇ ಹೊರತು, ನನ್ನ ವರದಿಯಲ್ಲಿ ಈವರೆಗೆ ಒಂದು ತಪ್ಪೂ ಸಿಕ್ಕಿಲ್ಲ.

ಮೊನ್ನೆ ಒಂದು ಶನಿವಾರ ನಮ್ಮ ಹೆಸರಾಂತ ಆಟಗಾರ, ಎಲ್ಲರೂ ದೊರೆ ಎಂದು ಕರೆಯುವ ಒಂದನೆಯ ಅಂಗಿಯವನು, ಹೊಟ್ಟೆ ಕೆಟ್ಟು ಮನೆಯಲ್ಲೇ ಉಳಿದ. ಉಳಿದವರಲ್ಲಿ ಒಬ್ಬನ ಕಾಲು ಉಳುಕಿತ್ತು, ಇನ್ನೊಬ್ಬ ಮಾವನ ಮನೆಗೆ ಹೋಗಿದ್ದ. ತರಬೇತುದಾರರು ಬೆಂಚಿನ ಕೊನೆಯವರೆಗೂ ಕಣ್ಣಾಡಿಸಿ, ಅಲ್ಲಿ ಆರು ವರ್ಷಗಳಿಂದ ಕೂತಿದ್ದ ಹದಿಮೂರನೆಯ ಅಂಗಿಯವನಿಗೆ, ಹೋಗಪ್ಪ, ಸ್ವಲ್ಪ ಹೊತ್ತು ನಿಂತು ಬಾ ಎಂದರು. ಅವನು ಹೋದ. ನಿಲ್ಲಲಿಲ್ಲ. ನಲವತ್ತೇಳು ಅಂಕ ಹೊಡೆದ. ಅಷ್ಟು ಚೆಂದದ ಆಟವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು.

ಸೋಮವಾರ ಬೆಳಿಗ್ಗೆ ಹದಿಮೂರು ತನ್ನ ಹೆಂಡತಿಯೊಂದಿಗೆ ಕಚೇರಿಗೆ ಬಂದ. ಅವನ ಒಪ್ಪಂದ ತಿಂಗಳ ಕೊನೆಗೆ ಮುಗಿಯುತ್ತಿತ್ತು. ವರ್ಷದಲ್ಲಿ ಹತ್ತು ನಿಮಿಷವಾದರೂ ಅಂಕಣಕ್ಕೆ ಇಳಿಯದ ಆಟಗಾರನ ಒಪ್ಪಂದವನ್ನು ಮುಂದುವರಿಸತಕ್ಕದ್ದಲ್ಲ ಎಂಬುದು ಒಂಬತ್ತನೆಯ ನಿಯಮ. ಒಪ್ಪಂದ ಹೋದರೆ ಸಂಘ ಕೊಟ್ಟ ಎರಡು ಕೋಣೆಯ ಮನೆಯನ್ನೂ ಬಿಡಬೇಕು. ಇಷ್ಟು ವರ್ಷ ಹೇಗೋ ವರ್ಷಕ್ಕೆ ಹತ್ತೇ ನಿಮಿಷ ಇಳಿದು ಮನೆ ಉಳಿಸಿಕೊಂಡಿದ್ದ. ಈ ವರ್ಷ ಶನಿವಾರ ಬಿಟ್ಟರೆ ಒಂದು ನಿಮಿಷವೂ ಸಿಕ್ಕಿರಲಿಲ್ಲ. ನಾನು ಕಡತ ತೆಗೆದು ಓದಿದೆ: ದೊರೆ, ಮೂವತ್ತೆಂಟು ಅಂಕ, ಅಮೋಘ. ಹದಿಮೂರು, ಇಳಿಯಲಿಲ್ಲ.

ಅವನ ಮುಖ ಸಪ್ಪಗಾಯಿತು. “ಸಾರ್, ನಾನು ಆಡಿದ್ದನ್ನ ನೀವೇ ನೋಡಿದ್ರಲ್ಲ?”

“ನೋಡಿದೆನಪ್ಪ. ತುಂಬಾ ಚೆನ್ನಾಗಿ ಆಡಿದೆ. ಆದ್ರೆ ಸಹಿ ಆಗಿಹೋಗಿದೆ.”

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬಂತೆ ವಿಚಾರಣಾ ಸಮಿತಿ ರಚಿಸಲಾಯಿತು. ಸದಸ್ಯರು ಸಹಿ ಹಾಕಿದ ಆ ಮೂವರೇ. ವರದಿಯ ಬಗ್ಗೆ ಅವರಿಗಿಂತ ಹೆಚ್ಚು ತಿಳಿದವರು ಯಾರಿದ್ದಾರೆ? ಹದಿಮೂರರ ಹೆಂಡತಿ, ನಾನು ಕಣ್ಣಾರೆ ನೋಡಿದ್ದೇನೆ ಎಂದು ಸಾಕ್ಷಿ ನುಡಿದಳು. ಕಾರ್ಯದರ್ಶಿಗಳು ಅವಳ ಟಿಕೆಟ್ ಕೇಳಿ ಪಡೆದು ಹಿಂಬದಿ ಓದಿಸಿದರು. ‘ಪಂದ್ಯ ನೋಡಲು ಮಾತ್ರ. ಅನ್ಯ ಉದ್ದೇಶಕ್ಕೆ ಬಳಸತಕ್ಕದ್ದಲ್ಲ.’ ಸಾಕ್ಷಿ ಹೇಳುವುದು ಅನ್ಯ ಉದ್ದೇಶವಾಗುತ್ತದೆ ಎಂದು ಅವಳ ಹೇಳಿಕೆಯನ್ನು ಹೊಡೆದುಹಾಕಲಾಯಿತು.

“ಹಾಗಾದ್ರೆ ಆ ಚೆಂಡುಗಳನ್ನೆಲ್ಲ ಹಾಕಿದ್ದು ಯಾರು?” ಎಂದಳು ಅವಳು.

“ಅದನ್ನೇ ತಾಯಿ, ಸಮಿತಿ ಪತ್ತೆ ಮಾಡ್ತಾ ಇರೋದು,” ಎಂದರು ಕಾರ್ಯದರ್ಶಿಗಳು.

ದೊರೆಯನ್ನು ಕರೆಸಿದರು. ಪ್ರಾಮಾಣಿಕ ಮನುಷ್ಯ. ತಾನು ಮನೆಯಲ್ಲಿ ಮಲಗಿದ್ದೆ ಎಂದೇ ಹೇಳಿದ. ವರದಿ ತೋರಿಸಿದಾಗ ಎರಡು ಸಲ ಓದಿಕೊಂಡ. ಮೂವರ ಸಹಿ ಇದೆಯಲ್ಲ, ಹಾಗಿದ್ದರೆ ಆಡಿರಬೇಕು, ಸುಸ್ತಿನಲ್ಲಿ ಗೊತ್ತಾಗಿಲ್ಲ ಎಂದು ಒಪ್ಪಿಕೊಂಡ.

ಉಳಿದದ್ದು ಒಂದೇ ತೊಡಕು. ವರದಿಯಲ್ಲಿ ಮೂವತ್ತೆಂಟು, ಅಂಕಫಲಕದಲ್ಲಿ ನಲವತ್ತೇಳು. ವಾರಸುದಾರರಿಲ್ಲದ ಈ ಒಂಬತ್ತು ಅಂಕಗಳನ್ನು ಸಮಿತಿಯ ಸದಸ್ಯರು ತಲಾ ಮೂರರಂತೆ ಸ್ವೀಕರಿಸಿದರು. ಅರವತ್ತೆರಡು ವರ್ಷದ ನಮ್ಮ ವೈದ್ಯರು ಈಗ ವೃತ್ತಿಪರ ಪಂದ್ಯದಲ್ಲಿ ಅಂಕ ಗಳಿಸಿದ ಆಟಗಾರರು. ಹದಿಮೂರು ಆಡಿಲ್ಲವೆಂದು ತೀರ್ಪಾಯಿತು. ಅವನ ಹೆಂಡತಿ ಮನೆಗೆ ಹೋಗಿ ಪಾತ್ರೆಗಳನ್ನು ಮೂಟೆ ಕಟ್ಟತೊಡಗಿದಳು.

ಆದರೆ ಮರುದಿನ ದೊರೆ ಬೆವರೊರೆಸಿಕೊಳ್ಳುತ್ತ ಕಾರ್ಯದರ್ಶಿಗಳ ಬಳಿ ಬಂದ. ಶನಿವಾರ ತಾನು ಆಡಿದ ಹಾಗೆ ಇನ್ನೊಮ್ಮೆ ಆಡಲು ತನ್ನ ಕೈಲಾಗುವುದಿಲ್ಲ, ಜನ ಅದನ್ನೇ ನೋಡಲು ಬರುತ್ತಾರೆ ಎಂದು ಗೋಳಾಡಿದ. ಹಾವೂ ಸಾಯದ, ಕೋಲೂ ಮುರಿಯದ ಉಪಾಯ ಕಾರ್ಯದರ್ಶಿಗಳಿಗೆ ಕರತಲಾಮಲಕ. ಸಂಜೆಯೊಳಗೆ ಗೋಡೆಗೆ ಪ್ರಕಟಣೆ ಬಿತ್ತು:

‘ಆಡಳಿತದ ಹಿತದೃಷ್ಟಿಯಿಂದ ಒಂದನೆಯ ಮತ್ತು ಹದಿಮೂರನೆಯ ಅಂಗಿಯ ಆಟಗಾರರು ಪಂದ್ಯದ ಅವಧಿಯಲ್ಲಿ ಅಂಗಿ ಬದಲಾಯಿಸಿಕೊಳ್ಳತಕ್ಕದ್ದು. ಅಂಕಗಳು ಅಂಗಿಗೆ ಸೇರತಕ್ಕವು. ಬೆಂಚಿನ ಮೇಲೆ ಕೂರುವವರ ಅಗತ್ಯವನ್ನು ಮನಗಂಡು ಒಂಬತ್ತನೆಯ ನಿಯಮ ಸಡಿಲಿಸಿ ಹದಿಮೂರರ ಒಪ್ಪಂದವನ್ನು ಮೂರು ವರ್ಷ ಮುಂದುವರಿಸಲಾಗಿದೆ.’

ಹದಿಮೂರರ ಹೆಂಡತಿ ಒಂದೇ ಮಾತು ಕೇಳಿದಳು, ಮನೆ ಬಿಡಬೇಕಾಗಿಲ್ಲ ತಾನೇ ಎಂದು. ಇಲ್ಲ ಎಂದೆ. ಹಾಗಾದರೆ ಯಾವ ಅಂಗಿಯಾದರೇನು ಎಂದು ಪಾತ್ರೆಗಳ ಗಂಟು ಬಿಚ್ಚಲು ಹೋದಳು.

ಮುಂದಿನ ಶನಿವಾರದ ವರದಿಯನ್ನು ಶುಕ್ರವಾರ ಮುಗಿಸಿದೆ. ದೊರೆಗೆ ಮೂವತ್ತೆಂಟು, ನಮಗೆ ಒಂದು ಅಂಕದ ಗೆಲುವು. ಪಂದ್ಯದಲ್ಲಿ ದೊರೆಯ ಅಂಗಿ ತೊಟ್ಟ ಹದಿಮೂರು ಮೂವತ್ತೆಂಟು ಹೊಡೆದಾಗ ಎಂಟು ಸೆಕೆಂಡು ಉಳಿದಿತ್ತು. ನಾವು ಒಂದು ಅಂಕ ಹಿಂದಿದ್ದೆವು. ಚೆಂಡು ಅವನ ಕೈಯಲ್ಲಿತ್ತು, ಎದುರು ಒಬ್ಬನೂ ಇರಲಿಲ್ಲ. ಅವನು ತಿರುಗಿ ನನ್ನತ್ತ ನೋಡಿದ. ನಾನು ಕಡತ ಎತ್ತಿ ತೋರಿಸಿದೆ. ಅವನು ಬಗ್ಗಿ, ನಿದ್ದೆ ಹೋದ ಕೂಸನ್ನು ಮಲಗಿಸುವ ಹಾಗೆ ಚೆಂಡನ್ನು ನೆಲದ ಮೇಲಿಟ್ಟ.

ಗಂಟೆ ಹೊಡೆಯಿತು. ಕಾರ್ಯದರ್ಶಿಗಳು ಮೈಕಿನಲ್ಲಿ ವರದಿ ಓದಿದರು. ಜನ ಕೊಂಚ ಯೋಚಿಸಿ ಚಪ್ಪಾಳೆ ತಟ್ಟಿದರು. ಎದುರು ತಂಡದ ನಾಯಕ ಸೋಲನ್ನು ಗೌರವದಿಂದ ಒಪ್ಪಿಕೊಂಡು ಕೈಕುಲುಕಿದ. ಬೆಂಚಿನಲ್ಲಿದ್ದ ದೊರೆ ಎದ್ದು ಜನರಿಗೆ ಕೈಮುಗಿದ.

ಹದಿಮೂರು ಮುಖ ಒರೆಸಿಕೊಳ್ಳುತ್ತ ನನ್ನ ಮೇಜಿನ ಹತ್ತಿರ ಬಂದ.

“ಸರಿಹೋಯ್ತಾ ಸಾರ್?”

“ಒಂದು ಅಂಕವೂ ಹೆಚ್ಚುಕಡಿಮೆ ಇಲ್ಲ.”

ಅವನು ಹೋಗಲಿಲ್ಲ. ಅಂಗಿಯ ಅಂಚು ತಿರುವುತ್ತ ಕೇಳಿದ.

“ಮುಂದಿನ ವಾರದ್ದು ಬರೀವಾಗ ಒಂದು ಉಪಕಾರ ಮಾಡ್ತೀರಾ? ಅಂಕ ಎಷ್ಟಾದ್ರೂ ಹಾಕಿ, ಯಾರ ಹೆಸರಿಗಾದ್ರೂ ಹಾಕಿ. ಆ ಕೊನೇ ಚೆಂಡು ಮಾತ್ರ ಒಳಗೆ ಬಿತ್ತು ಅಂತ ಬರೀರಿ. ಹಾಗಾದ್ರೆ ನಾನು ಅದನ್ನ ಹಾಕಬಹುದು.”

ಅರ್ಜಿ ಕೊಡು, ಸಮಿತಿಯ ಮುಂದಿಡುತ್ತೇನೆ ಎಂದೆ. ಅವನು ಖುಷಿಯಿಂದ ಪೆನ್ನು ಕೇಳಿದ.