ಕೂಸನ್ನು ವಾಪಸ್ ತಂದ ಅತ್ತೆ

ನಮ್ಮ ಸೋದರತ್ತೆಗೆ ಬದುಕಿದ್ದವರಿಗಿಂತ ಸತ್ತವರ ಪರಿಚಯವೇ ಹೆಚ್ಚು. ಅದೂ ಸತ್ತು ಸಾವಿರಾರು ವರ್ಷವಾದರೂ ಆಗಿರಬೇಕು. ಮೊನ್ನೆ ಮೊನ್ನೆ ಸತ್ತವರನ್ನೆಲ್ಲ ಆಕೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ!

ಚಿತ್ರದುರ್ಗದ ಕಡೆ ಉತ್ಖನನದ ಗುಂಡಿಗೆ ಹೆಂಗಸೊಬ್ಬಳು ಇಳಿದದ್ದನ್ನು ಯಾರೂ ಕಂಡಿರದ ಕಾಲದಲ್ಲಿ ಈಕೆ ಸೀರೆ ಎತ್ತಿ ಕಟ್ಟಿ, ಕರಣೆ ಹಿಡಿದು ಚಂದ್ರವಳ್ಳಿಯಲ್ಲಿ ಮಣ್ಣು ಕೆರೆಯುತ್ತಿದ್ದಳು. ಹೊಳಲ್ಕೆರೆಯಿಂದ ಹೆಣ್ಣು ನೋಡಲು ಬಂದ ಗಂಡಿನ ತಾಯಿ, "ನನಗೀಗ ಐವತ್ತು" ಅಂದರೆ, ಅತ್ತೆ ಆಕೆಯ ಬಾಯನ್ನೇ ದಿಟ್ಟಿಸಿ, "ಹಲ್ಲು ಸವೆದಿರೋದು ನೋಡಿದ್ರೆ ಅರವತ್ತು ದಾಟಿರ್ಬೇಕು" ಅಂದಳಂತೆ. ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ಆಮೇಲೆ ಯಾವ ಗಂಡು ಬರುತ್ತಾನೆ?

ಮತ್ತೋಡಿನ ಕಡೆ ಕುರಿ ಸಾಕುವವರ ಹೊಲದಲ್ಲಿ, ಸುತ್ತ ಕಲ್ಲು ನೆಟ್ಟ ಹಳೇ ಸಮಾಧಿಯೊಂದನ್ನು ಅಗೆದಾಗ ಮಡಕೆಯೊಳಗೆ ಪುಟ್ಟ ಮಗುವಿನ ಮೂಳೆಗಳು ಸಿಕ್ಕವು. ಅತ್ತೆ ಹಿಗ್ಗಿಹೋದಳು. ಹೊಲದೊಡತಿ ಕರಿಯಮ್ಮಜ್ಜಿ ಮಾತ್ರ ಅಡ್ಡ ನಿಂತಳು.

"ನಮ್ ಕೂಸ್ನ ಎಲ್ಲಿಗೆ ಒಯ್ತೀರವ್ವಾ?"

"ಇದು ನಿಮ್ಮದಲ್ಲಜ್ಜಿ, ಸಾವಿರಾರು ವರ್ಷ ಹಳೇದು. ಮೂಳೆ ಓದಿ ನೋಡ್ಬೇಕು."

"ನಮ್ ಹೊಲ್ದಾಗೆ ಮಲಗೈತೆ ಅಂದ್ಮ್ಯಾಲೆ ನಮ್ದೇ. ಓದಿದ್ಮ್ಯಾಲೆ ತಂದು ಮಲಗಿಸ್ರಿ."

"ಆಯ್ತಜ್ಜಿ" ಎಂದು ನಗುತ್ತಾ ಅತ್ತೆ ಜೀಪು ಹತ್ತಿದಳು.

ಆ ಮೂಳೆಗಳಿಂದಲೇ ಆಕೆಗೆ ಹೆಸರು ಬಂತು, ಪುಸ್ತಕ ಬಂತು, ಹಾರ ಶಾಲುಗಳೂ ಬಂದವು. ಕೊಟ್ಟ ಮಾತು ಮರೆತೇಹೋಯಿತು. ನಿವೃತ್ತಿಯಾದ ಮೇಲೆ ಹಳೇ ಟಿಪ್ಪಣಿ ತಿರುವುವಾಗ ಥಟ್ಟನೆ ನೆನಪಾಗಿ, ಅಂದಿನಿಂದ ಅತ್ತೆಗೆ ಊಟ ಸೇರಲಿಲ್ಲ. ಇಲಾಖೆಯ ಉಗ್ರಾಣಕ್ಕೆ ಓಡಿದರೆ ಮೂಳೆಯ ಪೆಟ್ಟಿಗೆ ಮುರಿದ ಕುರ್ಚಿಗಳಡಿ ಬಿದ್ದಿತ್ತು. ಇಲಿ ಕಡಿದು ಮೂಳೆ ಅರ್ಧ ಪುಡಿ! ವಾಪಸ್ ಒಯ್ಯಲು ಅರ್ಜಿ ಹಾಕಿ ವರ್ಷಗಟ್ಟಲೆ ಅಲೆದಳು.

"ಮೇಡಂ, ಇದಕ್ಕೆ ವಾರಸುದಾರರು ಯಾರು?" ಅಂದ ಗುಮಾಸ್ತ.

"ನಾನೇ ಕಣಪ್ಪ, ಬರ್ಕೋ!"

ಅಂತೂ ಅಪ್ಪಣೆ ಸಿಕ್ಕಿ, ಕಳೆದ ವರ್ಷ ಪೆಟ್ಟಿಗೆಯ ಸಮೇತ ಅತ್ತೆಯನ್ನು ನಾನೇ ಕಾರಿನಲ್ಲಿ ಆ ಹೊಲಕ್ಕೆ ಕರೆದೊಯ್ದೆ. ಸಮಾಧಿ ಇದ್ದ ಜಾಗವೇ ಇರಲಿಲ್ಲ. ಕ್ವಾರಿಯವರು ಕಲ್ಲು ತೆಗೆದ ಹೊಂಡದಲ್ಲಿ ಹಸಿರು ನೀರು ನಿಂತಿತ್ತು. ಕರಿಯಮ್ಮಜ್ಜಿಯೂ ಇರಲಿಲ್ಲ.

"ಸಾಯಾಗಂಟ ಅಜ್ಜಿ ನಿಮ್ ದಾರಿನೇ ಕಾಯ್ತಿತ್ತು," ಅಂದಳು ಅಜ್ಜಿಯ ಸೊಸೆ. "ಪಾಪ, ಆವಮ್ಮಂದು ಓದು ಇನ್ನೂ ಮುಗಿದಿಲ್ಲೇನೋ ಅಂತಿತ್ತು."

ಯಾರಿಗೂ ಸೋಲದ ಅತ್ತೆ ಕಾರಿನಿಂದ ಪೆಟ್ಟಿಗೆ ತಂದು ಸೊಸೆಯ ಮುಂದಿಟ್ಟಳು. ಸೊಸೆಯೇ ಗುದ್ದಲಿ ತಂದು ಅಜ್ಜಿಯ ಸಮಾಧಿಯ ಮಗ್ಗುಲಲ್ಲಿ ಗುಂಡಿ ತೋಡಿದಳು. ಕೂಸನ್ನು ಮಲಗಿಸಿ ಅತ್ತೆ ಬರಿಗೈಯಲ್ಲಿ ಮಣ್ಣು ಎಳೆದಳು. ಮುಗಿದ ಮೇಲೆ ಅಂಗೈಯಲ್ಲಿ ತಟ್ಟಿ ಸಮ ಮಾಡಿದಳು.

"ತಡ ಮಾಡಿಬಿಟ್ಟೆ ಕಣವ್ವ."

"ಬಂದ್ರಲ್ಲ. ಇಲ್ಲೇ ಕುಂತ್ಕಳ್ರಿ."

ಸೊಸೆ ಚೊಂಬಿನಲ್ಲಿ ನೀರು ತಂದಳು. ಅತ್ತೆಯ ಕೈಗಳನ್ನು ತನ್ನ ಮಡಿಲಿಗೆಳೆದುಕೊಂಡು ಒಂದೊಂದೇ ಬೆರಳಿನ ಮಣ್ಣು ತೊಳೆದಳು.