ಹುಸಿಚೇಳಿಗೆ ಹಿಪ್ಪುನೇರಳೆ ಸೊಪ್ಪು

ಮೂವತ್ತು ವರ್ಷ ರೇಷ್ಮೆಹುಳು ಸಾಕಿ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ತಲೆಯೆತ್ತಿ ನಡೆದವನಿಗೆ ಒಂದೇ ಒಂದು ಹುಳುವನ್ನು ಎರಡು ದಿನ ನೋಡಿಕೊಳ್ಳುವುದು ಕೆಲಸವೇ? ಹೀಗೆಂದು ನಾನು ಹೇಳಿದೆನಂತೆ. ನನಗೆ ನೆನಪಿಲ್ಲ. ಹೆಂಡತಿ ಸರೋಜಳಿಗಿದೆ.

ಹುಳು ತಂದವಳು ಅಕ್ಕನ ಮಗಳು ಲಾವಣ್ಯ. ಗವಿಯ ಹುಳುಗಳ ಮೇಲೆ ಸಂಶೋಧನೆ ಅವಳ ಓದು. ಮೂರು ತಿಂಗಳು ಅಂಬಾಜಿದುರ್ಗದ ಗವಿಯೊಂದರಲ್ಲಿ ತೆವಳಿ ಹಿಡಿದದ್ದು ಒಂದೇ ಹುಸಿಚೇಳು. ಅಕ್ಕಿನುಚ್ಚಿನಷ್ಟು ಮೈ, ಮುಂದೆ ಎರಡು ಚಿಮಟ. ಬಾಲವಿಲ್ಲ, ಕೊಂಡಿಯಿಲ್ಲ. ಗವಿಯ ಹಸಿಮಣ್ಣಿನ ಸಮೇತ ಡಬ್ಬಿಯಲ್ಲಿತ್ತು.

"ಮಾವ, ಬಸ್ಸಿನ ಸೆಕೆಗೆ ಸತ್ತೋಗುತ್ತೆ. ನಾನು ಬೆಂಗಳೂರಿಂದ ಐಸ್ ಪೆಟ್ಟಿಗೆ ತರ್ತೀನಿ. ಅಲ್ಲೀತನಕ ಕತ್ತಲಲ್ಲಿಡಿ, ಏನೂ ಮಾಡ್ಬೇಡಿ."

"ತಿನ್ನೋಕೆ ಏನಮ್ಮ?"

"ಏನೂ ಬೇಡ. ಇದಕ್ಕೆ ಕಣ್ಣಿಲ್ದಿದ್ರೆ ಯಾರೂ ಹೆಸರಿಡದ ಹೊಸ ಜಾತಿ ಇರ್ಬೋದು. ಲೆನ್ಸಲ್ಲಿ ಇನ್ನೂ ನೋಡಿಲ್ಲ."

ಏನೂ ಮಾಡದೆ ಹುಳು ಸಾಕುವುದು ನಮ್ಮ ವಂಶದಲ್ಲೇ ಇಲ್ಲ.

ಮೊದಲ ದಿನ ತೇವ ಕಂಡು ಹೌಹಾರಿದೆ. ತೇವವೆಂದರೆ ರೋಗ. ಮಣ್ಣನ್ನು ಬಿಸಿಲಿಗೆ ಹಿಡಿದು ಒಣಗಿಸಿದೆ. ಆಮೇಲೆ ಅದು ಅಲ್ಲಾಡಲಿಲ್ಲ.

"ಏನ್ರೀ, ಸತ್ತಿದ್ಯಾ?" ಎಂದಳು ಸರೋಜ.

"ಜ್ವರಕ್ಕೆ ಕೂತಿದೆ ಕಣೇ."

ಹುಳು ಪೊರೆ ಬಿಡಲು ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಆಗ ಸುಣ್ಣದ ಪುಡಿ ಉದುರಿಸುವುದು ಕ್ರಮ. ಉದುರಿಸಿದೆ.

"ಅವಳು ಏನೂ ಮಾಡ್ಬೇಡಿ ಅಂದಿದ್ಲು."

"ಅವಳು ಓದಿದಾಳೆ. ನಾನು ಸಾಕಿದೀನಿ."

ಮರುದಿನ ಒಂದು ಕಾಲು ಅಲ್ಲಾಡಿದಂತೆ ಕಂಡಿತು. ಜ್ವರ ಬಿಟ್ಟಿದೆ, ಹಸಿದಿದೆ ಎಂದು ತೀರ್ಮಾನಿಸಿ ಹಾಸಿಗೆ ಬದಲಿಸಲು ಕೂತೆ. ಹುಳದ ಮೇಲೆ ಬಲೆ ಹಾಸಿ ಎಳೆಸೊಪ್ಪು ಹರಡಿದರೆ ಹುಳು ಬಲೆ ದಾಟಿ ಸೊಪ್ಪಿಗೆ ಬರುತ್ತದೆ. ಬಲೆ ಎತ್ತಿಟ್ಟು ಕೆಳಗಿನ ಕಸವನ್ನು ತಿಪ್ಪೆಗೆ ಹಾಕಬೇಕು. ಅರ್ಧ ಗಂಟೆಯಲ್ಲಿ ಸೊಪ್ಪಿನ ಮೇಲೆ ಕಂದು ಚುಕ್ಕೆ ಕಂಡಿತು. ನಾನು ಬೀಗಿದೆ. ಗವಿಯ ಮಣ್ಣನ್ನು ತಿಪ್ಪೆಗೆ ಸುರಿದೆ.

ಸಂಜೆ ಲಾವಣ್ಯ ಬಂದು ಚುಕ್ಕೆಯನ್ನು ಲೆನ್ಸಿನಲ್ಲಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಮಾವ, ಇದು ರೇಷ್ಮೆಹುಳದ ಹಿಕ್ಕೆ. ನಿಮ್ಮ ಹಳೆ ಬಲೆಗೆ ಅಂಟಿದ್ದು."

ಆಮೇಲೆ ಅವಳು ತಿಪ್ಪೆಯ ಮುಂದೆ ಕೂತು ಟೀ ಸೋಸುವ ಜಾಲರಿಯಲ್ಲಿ ಕಸ ಜರಡಿ ಹಿಡಿದಳು. ನಾನು ಟಾರ್ಚ್ ಹಿಡಿದೆ. ಒಂದು ಗಂಟೆ ಎಂದು ನನ್ನ ನೆನಪು. ಸರೋಜಳ ಪ್ರಕಾರ ಮೂರು. ಕಡಿಮೆ ಮಾಡಿಕೊಂಡು ನೆನೆಯುವುದರಲ್ಲಿ ನನಗೆ ಲಾಭವಿದೆ, ಆದ್ದರಿಂದ ಮೂರೇ ಇರಬೇಕು. ಏನೂ ಸಿಗಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಅವಳ ಮಂಡಿಯ ಮೇಲೆ ಗವಿಯ ಕಲ್ಲು ತರಚಿದ ಗಾಯ ಇನ್ನೂ ಮಾಗಿರಲಿಲ್ಲ.

ಕೊನೆಗೆ ನೋಟ್‌ಬುಕ್ ತೆರೆದಳು. "ಹೋಗ್ಲಿ ಬಿಡಿ ಮಾವ. ಎರಡು ದಿನ ಬೆಳಕಲ್ಲಿ ಹತ್ತಿರದಿಂದ ನೋಡಿದ್ದು ನೀವೊಬ್ರೇ. ನೆನಪು ಮಾಡ್ಕೊಂಡು ಹೇಳಿ, ಅದಕ್ಕೆ ಕಣ್ಣಿತ್ತಾ?"

ಜಗತ್ತಿನಲ್ಲಿ ಆ ಪ್ರಶ್ನೆಗೆ ಉತ್ತರಿಸಬಲ್ಲ ಏಕೈಕ ಮನುಷ್ಯ ನಾನು. ಎರಡು ದಿನವೂ ಕನ್ನಡಕ ಹಾಕಿಕೊಂಡಿರಲಿಲ್ಲ.